ಮಾಳಿಗಿ ಮ್ಯಾಲಿನ ನೀಲಿ ಮಾವ

ನನ್ನ ಎಲಿಅಡಿಕಿ ಚೀಲದಾಗ ಒಂದು ಪಿಂಗಾಣಿ ಬಟ್ಟಲ ಐತ್ರಿ. ಬಟ್ಟಲ ಅಂದ್ರ ದೊಡ್ಡ ಮಾತಾತು, ಹೆಬ್ಬೆಟ್ಟು ಮುಳುಗೂವಷ್ಟು. ಅಂಚಿಗೆ ಒಂದು ಸಣ್ಣ ತೂತು ಐತಿ, ತಂತಿಗೆ ಸಿಗಿಸಾಕ. ಅದರಾಗ ನಾ ಸುಣ್ಣ ಇಟ್ಕೊಂಡೀನಿ. ಮೊನ್ನೆ ಮೊಮ್ಮಗಳು ಅದನ್ನ ತಿರುವಿ ಮುರುವಿ ನೋಡಿ, "ಅಜ್ಜಿ, ಇದು ಪಂಜರದಾಗ ಹಕ್ಕಿಗೆ ನೀರಿಡೋ ಬಟ್ಟಲ ಅಲ್ಲೇನು? ನಿನ್ನ ಕಡಿ ಹ್ಯಾಂಗ ಬಂತು?" ಅಂತ ಕೇಳಿದ್ಲು. "ನಮ್ಮ ಮಾವ ನೀರು ಕುಡೀತಿದ್ದ ಬಟ್ಟಲವ್ವ ಅದು" ಅಂದೆ. ಪಾಪ, ಹುಡುಗಿ ನನ್ನ ಮುಖ ಒಂದು ಗಳಿಗಿ ನೋಡಿ, ಅಜ್ಜಿಗೆ ಅರಳುಮರಳು ಸುರು ಆತು ಅಂತ ಅವರವ್ವನ್ನ ಕರಿಯಾಕ ಒಳಗ ಹೋದ್ಲು.

ನೀವರ ಸಮಾಧಾನದಿಂದ ಕೇಳ್ರಿ. ನನಗೇನೂ ಆಗಿಲ್ಲ.

ನಾ ಸಿಂಧನೂರಿನ ಮಗಳು, ಮಸ್ಕಿ ಸೊಸಿ. ನಿಜಾಮರ ರಾಜ್ಯ, ನಮ್ಮ ಕಡಿ ಇನ್ನೂ ಕಾಲುವಿ ಬಂದಿದ್ದಿಲ್ಲ. ಸಿಂಧನೂರು ಅಂದ್ರ ಕರೀ ಹೊಲ, ಬಿಳಿಜ್ವಾಳ, ಮ್ಯಾಲ ಆಕಾಶ, ಅಷ್ಟಽ. ಹಿಟ್ಟಿಗೆ ಬೀಸೂಕಲ್ಲು ಬೇಕಂದ್ರೂ ಹೊರಗಿಂದ ತರಬೇಕು. ಮಸ್ಕಿಗೆ ಬಂದು ನೋಡ್ತೀನಿ, ಎಲ್ಲಿ ನೋಡಿದಲ್ಲಿ ಕಲ್ಲು! ಊರ ಬೆನ್ನಿಗೆ ಗುಡ್ಡ, ಗುಡ್ಡದ ತುಂಬ ಒಂದರ ಮ್ಯಾಲೊಂದು ಹೇರಿದ ಬಂಡೆಗಲ್ಲು. ಈಗ ಬೀಳ್ತಾವ, ಆಗ ಬೀಳ್ತಾವ ಅಂತ ಮದಿವ್ಯಾದ ಹೊಸದಾಗ ನಾ ಎದಿ ಹಿಡಕೊಂಡು ಓಡ್ಯಾಡತಿದ್ದೆ. ಇವತ್ತಿನತನ ಒಂದೂ ಬಿದ್ದಿಲ್ಲ ಅನ್ರಿ.

ನಮ್ಮಪ್ಪ ಉರ್ದು ಮಾಸ್ತರು. ಸರ್ಕಾರದ ಸಾಲಿ ಎಲ್ಲಾ ಉರ್ದುನಾಗ ನಡೀತಿದ್ದ ಕಾಲ ಅದು. ಮನಿ ಪಡಸಾಲಿ ಒಳಗ ಅಪ್ಪ ಹುಡುಗರಿಗೆ ಹೇಳಿಕೊಡೂದು ಕೇಳಿ ಕೇಳಿ, ಜ್ವಾಳ ಹಸನ ಮಾಡಿಕೋತ ಕುಂತ ನನಗೂ ಬಂದುಬಿಡ್ತು. ಮದಿವಿ ಮಾತಿಗೆ ಬಂದಾಗ ನಮ್ಮಪ್ಪ ಇದನ್ನ ಭಾಳ ಅಭಿಮಾನದಿಂದ ಹೇಳಿದ್ರಂತ. ನಮ್ಮತ್ತಿ ಹಂಪಮ್ಮ, "ಉರ್ದು ಬಂದ್ರ ರೊಟ್ಟಿ ದುಂಡಗ ಬರ್ತಾವೇನ್ರಿ ಬೀಗರ?" ಅಂತ ಕೇಳಿದ್ಲಂತ. ಅಕಿ ಕೇಳಿದ್ದು ಬರೋಬ್ಬರಿ ಇತ್ತು. ನನ್ನ ರೊಟ್ಟಿ ಇವತ್ತಿಗೂ ದುಂಡಗ ಬರೂದಿಲ್ಲ.

ನಮ್ಮತ್ತಿ ಭಾಳ ಮಾತಿನಾಕಿ. ಒಂದು ಮಾತು ಮೂರು ಸಲ ಹೇಳಿದ್ರನಽ ಅಕಿಗೆ ಹೇಳಿದಂಗ ಆಕ್ಕಿತ್ತು. "ಉಪ್ಪು ಹಾಕಿದಿ? ಉಪ್ಪು? ಉಪ್ಪು ಹಾಕಿದಿ ಇಲ್ಲ?" ಮೂರನೇ ಸಲ ಕೇಳೂದ್ರಾಗ ನಾ ಹೆದರಿ ಇನ್ನೊಂದು ಸಲ ಹಾಕಿರ್ತಿದ್ದೆ. ಮಾವನ್ನ ನಾ ನೋಡಿದಾಕಿ ಅಲ್ಲ, ನಾ ಬರೂ ಹಿಂದಿನ ವರ್ಷನಽ ತೀರಿಕೊಂಡಿದ್ರು. ಅವರ ಬಗ್ಗೆ ಇಡೀ ಮಸ್ಕಿ ಹೇಳೂದು ಒಂದಽ ಮಾತು: ಆ ಮನಷ್ಯಾ ಮಾತಾಡತಿದ್ದಿಲ್ಲ. ಮೂವತ್ತು ವರ್ಷದ ಸಂಸಾರದಾಗ "ಹ್ಞೂಂ" ಬಿಟ್ರ "ಊಂಹೂಂ". ಅವರ ಮಗ, ಅಂದ್ರ ನಮ್ಮ ಮನಿಯವರು, ಅದನ್ನೂ ಉಳಿತಾಯ ಮಾಡಿ ಬರೇ ತೆಲಿ ಅಲ್ಲಾಡಸೋರು.

ಮಾವ ಹೋದದ್ದು ಮೂರು ದಿನದ ಜ್ವರಕ್ಕ. ಮೂರನೇ ದಿನ ಮಧ್ಯಾಹ್ನ ಅತ್ತಿ ಬಾಜೂಕ ಕುಂತು ಹೊಲದ್ದು, ಎತ್ತಿಂದು, ಮಗನ ಮದಿವಿದು ಎಲ್ಲಾ ಮಾತಾಡಾಕತ್ತಿದ್ಲಂತ. ಅವರು ಕಣ್ಣು ತೆರೆದು ಅಕಿನ್ನ ನೋಡಿದ್ರಂತ. ತುಟಿ ಬಿಚ್ಚಿದ್ರಂತ. ಅಷ್ಟರಾಗ ಜೀವ ಹೋತು. "ಏನೋ ಹೇಳೋರಿದ್ರವ್ವ. ಏನಿತ್ತು ಅದು? ಏನಿತ್ತು? ಏನು ಹೇಳೋರಿದ್ರು ಅಂತೀನಿ?" ನಾ ಆ ಮನಿಗೆ ಬಂದ ಮ್ಯಾಲ ಈ ಮಾತು ಎಷ್ಟು ಸಲ ಕೇಳೀನಿ ಅನ್ನೂದಕ್ಕ ಲೆಕ್ಕಿಲ್ಲ. ರೊಟ್ಟಿ ಬಡಿಯೂವಾಗ, ಕಸಾ ಹೊಡಿಯೂವಾಗ, ಸುಮ್ಮನ ಕುಂತಾಗ. ಅಕಿಗೆ ಹಸಿವು ನೀರಡಿಕಿ ಇದ್ದಂಗ ಅದೊಂದು ಇತ್ತು.

ಹಿಂಗಿರಬೇಕಾದ್ರ ಮಾನಮಿ ಅಮಾಸಿ ಬಂತು. ಅವತ್ತು ತೀರಿಕೊಂಡ ಹಿರೇರಿಗೆ ಎಡಿ ಕೊಡೂದು ನಮ್ಮ ಪದ್ಧತಿ. ಅವರಿಗೆ ಏನೇನು ಸೇರ್ತಿತ್ತೋ ಅದನ್ನೆಲ್ಲ ಮಾಡಿ, ಮುತ್ತಲ ಎಲಿ ಮ್ಯಾಲ ಬಡಿಸಿ, ಮಾಳಿಗಿ ಮ್ಯಾಲ ಇಡೂದು. ಕಾಗಿ ಬಂದು ಮುಟ್ಟೂತನ ಮನಿಮಂದಿ ಊಟ ಮಾಡೂಹಂಗಿಲ್ಲ. ಅವತ್ತು ಒಂದು ಕಾಗೀನೂ ಬರವಲ್ಲದು. ಊರಾಗ ಮನಿಮನಿಗೆ ಎಡಿ ಇದ್ದಾಗ ಅವಕ್ಕೂ ಹೊಟ್ಟಿ ಒಂದಽ ಅಲ್ಲೇನ್ರಿ. ಹೊತ್ತು ನೆತ್ತಿಗೆ ಬಂತು, ಹೊತ್ತು ವಾಲಿತು. "ನನ್ನ ಮ್ಯಾಲ ಸಿಟ್ಟದಾರ, ಸಿಟ್ಟು ಇನ್ನೂ ಇಳಿದಿಲ್ಲ" ಅಂತ ಅತ್ತಿ ಕಣ್ಣಾಗ ನೀರು ತಂದ್ಲು. ನಾ ನಿಚ್ಚಣಿಕಿ ತುದಿಗೆ ನೀರಿನ ತಂಬಗಿ ಹಿಡಕೊಂಡು ನಿಂತಿದ್ದೆ. ಖರೇ ಹೇಳ್ತೀನಿ, ನನಗ ಹಿರೇರ ಚಿಂತಿ ಇದ್ದಿಲ್ಲ, ಹೋಳಿಗಿ ಚಿಂತಿ ಇತ್ತು.

ಆವಾಗ ಗುಡ್ಡದ ಕಡಿಯಿಂದ ಒಂದು ಹಕ್ಕಿ ಬಂದು ಮಾಳಿಗಿ ಅಂಚಿನ ಕುಂಬಿ ಮ್ಯಾಲ ಕುಂತ್ತು. ಗೊರವಂಕದಷ್ಟು ಇದ್ದೀತು. ನೀಲಿ. ನವಿಲಿನ ನೀಲಿ ಅಲ್ಲ ಮತ್ತ, ಇಳಕಲ್ ಸೀರಿ ಹತ್ತು ವರ್ಷ ಒಗದ ಮ್ಯಾಲ ಒಂದು ನೀಲಿ ಉಳೀತದಲ್ಲ, ಅಂಥಾದ್ದು. ಒಮ್ಮೆ ಮೊಣಕಾಲು ಬಗ್ಗಿಸಿದಂಗ ಮಾಡಿ, ನೆಟ್ಟಗ ನಿಂತು, ನಮ್ಮತ್ತಿ ಮುಖ ನೋಡಿತು. ಒಂದು ಸಪ್ಪಳಿಲ್ಲ. ಆಮ್ಯಾಲ ಎಲಿ ಕಡಿ ಜಿಗಿದು ಕುಕ್ಕಾಕ ಸುರು ಮಾಡ್ತು.

"ಬಂದ್ರು!" ಅಂದ್ಲು ಅತ್ತಿ. "ಇವರಽ! ನೋಡು, ಅದಽ ಜಾಗಾದಾಗ ಕುಂತ್ರು. ಅಲ್ಲೇ ಕುಂದರ್ತಿದ್ರು. ನೋಡು, ಬಾಯಿ ಬಿಡವಲ್ಲರು!"

ನಾ ಹತ್ತಿರದಾಗ ನಿಂತಾಕಿ, ನನಗ ಕಂಡದ್ದು ಬ್ಯಾರೆ. ಎಡಿಗೆ ಸಾಲು ಹಿಡಿದು ಇರುವಿ ಹತ್ತಿದ್ದವು. ಆ ಹಕ್ಕಿ ಹೋಳಿಗಿ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ಒಂದೊಂದಽ ಇರುವಿ ಹೆಕ್ಕಿ ಹೆಕ್ಕಿ ತಿಂತು. ಹೇಳಬೇಕಂತ ಬಾಯಿ ತೆರದೆ. ಹೊಸಾ ಸೊಸಿ, ಮ್ಯಾಲ ಹಸಿವು. ಬಾಯಿ ಮುಚ್ಚಿದೆ. ಎಲ್ಲಾರೂ ಊಟಕ್ಕ ಕುಂತ್ವಿ.

ಆ ಹೋಳಿಗಿ ನನಗ ಭಾಳ ತುಟ್ಟಿ ಬಿತ್ತು ನೋಡ್ರಿ. ಯಾಕಂದ್ರ ಆ ಹಕ್ಕಿ ಹೋಗಲಿಲ್ಲ. ದಿನಾ ಕುಂಬಿ ಮ್ಯಾಲ, ಇಲ್ಲಂದ್ರ ಮನಿ ಹಿಂದಿನ ಬಂಡೆಗಲ್ಲಿನ ಮ್ಯಾಲ. ಮಾವ ಕುಂತಾಗ ಸೊಸಿ ಹ್ಯಾಂಗಿರಬೇಕು? ತೆಲಿ ತುಂಬ ಸೆರಗು ಹೊದ್ದು, ಎದುರಿಗೆ ನಿಲ್ಲದ, ಜೋರ ಮಾತಾಡದ. ನಾ ಮೆಣಸಿನಕಾಯಿ ಒಣಗಿಸಾಕ ಮಾಳಿಗಿ ಏರಿದ್ರ ಕೆಳಗಿಂದ ಅತ್ತಿ, "ಮಾವ ಕುಂತಾರ, ಸೆರಗು! ಸೆರಗು!" ಅಂತ ಕೂಗೋದು. ಅದು ಎಡಕ್ಕ ಹಾರಿದ್ರ ನಾ ಬಲಕ್ಕ ತಿರುಗೋದು. ಸುತ್ತಮುತ್ತಲಿನ ಸೊಸೆಂದಿರು ಮೊದಲು ನಕ್ಕರು, ಆಮ್ಯಾಲ ಅವರತ್ತೆಂದಿರು ಅವರಿಗೂ ಹೇಳಿದ್ರು, ನಗಿ ನಿಂತ್ತು. ಇಡೀ ಓಣಿ ಹೆಣ್ಣುಮಕ್ಕಳು ಒಂದು ಹಕ್ಕಿಗೆ ಸೆರಗು ಹೊದ್ದು ತಿರುಗಿದ್ದನ್ನ ನೀವು ಎಲ್ಲೂ ಕೇಳಿರಾಕಿಲ್ಲ.

ಅತ್ತಿಗೆ ಮಾತ್ರ ಜೀವ ಬಂದಂಗಾತು. ಮುಂಜಾನೆದ್ದು ಮಾಳಿಗಿ ಏರಿ, "ಏನ್ರೀ, ಕೇಳಿದ್ರ್ಯಾ? ಬಿಳಿ ಎತ್ತು ಕುಂಟಾಕತ್ತೈತಿ" ಅಂತ ಸುರು ಮಾಡಿದ್ರ ಬಿಸಲೇರೂತನ. ಅದು ಕೇಳೂದು. ಎಲ್ಲಾ ಆದ ಮ್ಯಾಲ ಕಡೀಕ ಒಂದಽ ಮಾತು: "ಅವತ್ತೇನೋ ಹೇಳೋರಿದ್ರಲ್ಲ, ಹೇಳ್ರಿ." ಅದು ಹೇಳ್ತಿದ್ದಿಲ್ಲ. ಹೋಳಿಹುಣ್ಣಿವಿ ಹೊತ್ತಿಗೆ ಹೋಗೋದು, ಮತ್ತ ಮಾನಮಿಗೆ ಬರೋದು. "ಬದುಕಿದ್ದಾಗ ಲಿಂಗಸೂಗೂರು ದಾಟಿದ ಮನಷ್ಯಾ ಅಲ್ಲ, ಈಗ ದೇಶ ತಿರಗಾಕತ್ಯಾರ" ಅಂತ ಬೇಸಿಗ್ಯಾಗ ಅತ್ತಿ ಬೈಯೋದು. ಹಿಂಗ ಮೂರು ಚಳಿಗಾಲ ಹೋದವು.

ಮೂರನೇ ಚಳಿಗಾಲ ಮುಗೀತ ಬಂದಾಗ ಅತ್ತಿ ತವರಮನಿ ಪಾಮನಕಲ್ಲೂರಿಗೆ ಎರಡು ದಿನ ಹೋಗಿದ್ಲು. ಹೆಗಲಿಗೆ ಜೋಳಿಗಿ, ಕೈಯಾಗ ಒಂದು ಕಟ್ಟು ಬಿದಿರು ಕಡ್ಡಿ ಹಿಡಕೊಂಡ ಒಬ್ಬಾಂವ ಬಾಗಲಿಗೆ ಬಂದು ನೀರು ಕೇಳಿದ. ಕೊಟ್ಟೆ. "ಗುಡ್ಡದ ದಾರಿ ಒಮ್ಮೆ ನೋಡ್ತೀನವ್ವ, ಮಾಳಿಗಿ ಏರ್ಲಿ?" ಅಂದ. ಏರಪ್ಪ ಅಂತ ನಾನಽ ನಿಚ್ಚಣಿಕಿ ತೋರಿಸಿದೆ. ಅವನು ಹಕ್ಕಿ ಹಿಡಿಯಾಂವ, ಕಡ್ಡಿಗೆ ಆಲದ ಹಾಲಿನ ಅಂಟು ಬಳಕೊಂಡು ಬಂದಿದ್ದ. ಇಳಿದು ಬಂದಾಗ ಜೋಳಿಗಿ ಒಳಗ ಏನೋ ಪಟಪಟ ಅಂತು. ನನ್ನ ಜಾಣತನ ನೋಡ್ರಿ, "ಏನಪ್ಪ ಅದು?" ಅಂತ ಕೇಳಿದೆ. "ಲಿಂಗಸೂಗೂರು ದಂಡಿನ ಛಾವಣಿ ಸಾಹೇಬರಿಗೆ ಹಾಡೂ ಹಕ್ಕಿ ಬೇಕಾಗಿತ್ತವ್ವ" ಅಂತ ಹೇಳಿ ಕೈಮುಗಿದು ಹೋದ. ಅವನ ಬೆನ್ನು ಮರಿಯಾದ ಮ್ಯಾಲ ನನ್ನ ಕಣ್ಣು ಖಾಲಿ ಕುಂಬಿ ಮ್ಯಾಲ ಬಿತ್ತು.

ಮರುದಿನ ಅತ್ತಿ ಬಂದ್ಲು. ಮುಚ್ಚಿಡದ ಎಲ್ಲಾ ಹೇಳಿದೆ. ಬೈತಾಳ ಅನಕೊಂಡಿದ್ದೆ, ಬೈಲಿಲ್ಲ. ಅಕಿ ಹಂಗ ಸುಮ್ಮನ ಕುಂತದ್ದು ನಾ ನೋಡಿದ್ದಿಲ್ಲ, ನನಗ ಅಳು ಬಂತು. ಆಮ್ಯಾಲ ಎದ್ದು ಸೀರಿ ನಿರಿಗಿ ಬಿಗಿ ಮಾಡಿಕೊಂಡು, "ಲೇ ಬಸ್ಯಾ, ನಸುಕಿನಾಗ ಬಂಡಿ ಹೂಡು" ಅಂತ ಮಗನಿಗೆ ಹೇಳಿದ್ಲು.

ಇವರು ಅವತ್ತು ಎರಡು ಮಾತು ಖರ್ಚು ಮಾಡಿದ್ರು. "ಯವ್ವಾ, ಹಕ್ಕಿ."

"ಹಕ್ಕಿ ಅಂತ ನನಗೂ ಕಾಣ್ತದ. ಬಂಡಿ ಹೂಡು. ನೀ ಬರಾಕಿ," ಅಂತ ನನಗ ಹೇಳಿದ್ಲು, "ನಿನ್ನ ಉರ್ದು ಕಟಗೊಂಡು ಬಾ. ನೀ ಬಿಟ್ಟು ಕೊಟ್ಟಿ, ನೀನಽ ಕೇಳಿ ಇಸಗೊಂಡು ಬಾ. ಅವರಿಲ್ಲದ ನಾ ಈ ಮನಿಗೆ ಬರೂದಿಲ್ಲ. ಬರೂದಿಲ್ಲಂದ್ರ ಬರೂದಿಲ್ಲ."

ನಸುಕಿನಾಗ ಬಿಟ್ಟ ಬಂಡಿ ಹೊತ್ತು ಮುಳುಗೂದಕ್ಕ ಲಿಂಗಸೂಗೂರು ಮುಟ್ಟಿತು. ಛತ್ರದಾಗ ಮಲಗಿ, ಮುಂಜಾನೆ ಹುಡಿಕಿಕೋತ ಛಾವಣಿಗೆ ಹೋದ್ವಿ. ಬಿಳೇ ಬಂಗಲಿ, ಪಡಸಾಲಿ ತುಂಬ ಪಂಜರ. ಸಾಹೇಬರು ನೌಕರಿಯಿಂದ ಇಳಿದು ಮನ್ಯಾಗಿದ್ದ ಮುದುಕರು, ಮೆಹಂದಿ ಹಚ್ಚಿದ ಗಡ್ಡ, ಎದ್ದು ನಿಂತು ಸಲಾಂ ಮಾಡಿ ನಮಗ ಚಾಪಿ ಹಾಸಿಸಿದ್ರು. ಬಾಗಲಕ್ಕ ಒಂದು ಪರದೆ, ಪರದೆ ಹಿಂದ ಬೇಗಂ ಸಾಹೇಬರ ಬಳಿ ಸಪ್ಪಳ. ಮೂಲ್ಯಾಗಿನ ಪಂಜರದಾಗ ನಮ್ಮ ಮಾವ ಮುಖ ಗ್ವಾಡಿ ಕಡಿ ಮಾಡಿ ಕುಂತಿದ್ರು. ನನ್ನ ಕೈ ತಾನಽ ಸೆರಗಿಗೆ ಹೋತು.

"ಹೇಳು," ಅಂದ್ಲು ಅತ್ತಿ, "ಅದು ನನ್ನ ಗಂಡ. ಬಿಡು ಅಂತ ಹೇಳು."

ಉರ್ದುನಾಗ ಇದನ್ನ ಅದಬಿನಿಂದ, ಮರ್ಯಾದಿ ಇಟ್ಟು, ಹ್ಯಾಂಗ ಹೇಳಬೇಕು ಅಂತ ನಮ್ಮಪ್ಪ ಕಲಿಸಿದ್ದಿಲ್ಲ. "ಹುಜೂರ್, ಈ ಹಕ್ಕಿ ನಮ್ಮ ಮನಿ ಹಿರೇರ ನೆನಪಿನ್ದು, ಮೆಹರಬಾನಿ ಮಾಡಬೇಕು" ಅಂತ ಬೆಣ್ಣಿ ಹಚ್ಚಿ ಹೇಳಿದೆ. ನಮ್ಮತ್ತಿ ನನ್ನ ಮಾರಿ ನೋಡಿ, "ಗಂಡ ಅನ್ನೂದಕ್ಕ ಇಷ್ಟು ಉದ್ದ ಆಕ್ಕತೇನು ಉರ್ದುನಾಗ?" ಅಂದ್ಲು. ತಿರುಗಿ ಹೇಳಬೇಕಾತು, ಇದ್ದದ್ದು ಇದ್ದಂಗ. ಪರದೆ ಹಿಂದಿನ ಬಳಿ ಸಪ್ಪಳ ನಿಂತ್ತು.

ಸಾಹೇಬರು ನಗಲಿಲ್ಲ, ಅದು ಅವರ ದೊಡ್ಡತನ. ಒಳಗಿಂದ ಒಂದು ದಪ್ಪನ್ನ ವಿಲಾಯತಿ ಪುಸ್ತಕ ತರಿಸಿದ್ರು. ಹಾಳಿಗೊಂದು ಬಣ್ಣದ ಹಕ್ಕಿ. "ಅಮ್ಮಾ, ಇದು ಒಬ್ಬ ಮನಷ್ಯಾ ಅಲ್ಲ, ಒಂದು ಖಾನದಾನ. ಕಸ್ತೂರಾ ಅಂತೀವಿ ನಾವು. ಭೂಮಿ ಮ್ಯಾಲ ಇವರು ಇಲ್ಲದ ದೇಶ ಕಡಿಮಿ" ಅಂತ ತಿಳಿಸಿ ಹೇಳಾಕ ಕುಂತ್ರು. ಆ ಮನಿತನಕ್ಕ ಕನ್ನಡದಾಗ ಸಿಳ್ಳಾರ ಅಂತಾರಂತ, ಆಮ್ಯಾಲ ಗೊತ್ತಾತು ನನಗ.

ಮೊದಲನೇ ಹಾಳಿ ಮ್ಯಾಲ ಎದಿ ತುಂಬ ಚುಕ್ಕಿ ಇದ್ದ ಹಕ್ಕಿ. ವಿಲಾಯತಿದು. ಶಂಖದ ಹುಳ ಹಿಡಕೊಂಡು ಬಂದು ದಿನಾ ಅದಽ ಕಲ್ಲಿಗೆ ಕುಟ್ಟಿ ಒಡೀತದಂತ, ಆ ಕಲ್ಲಿನ ಸುತ್ತ ಚಿಪ್ಪಿನ ರಾಶಿ ಬಿದ್ದಿರ್ತದಂತ. ಗೂಡಿನ ಒಳಗ ಮಣ್ಣು ಮೆತ್ತಿ ನುಣ್ಣಗ ಸಾರಿಸ್ತದಂತ. ಹಾಡೂವಾಗ ಒಂದೊಂದು ಸೊಲ್ಲು ಎರಡು ಮೂರು ಸಲ ಹೇಳಿ ಮುಂದ ಹೋಗ್ತದಂತ. "ಶಾಣ್ಯಾ ಐತಿ" ಅಂದ್ಲು ಅತ್ತಿ. "ಮನಿ ಅಂದ್ಮ್ಯಾಲ ಒಳಕಲ್ಲು ಬೇಕು, ಸಾರಸಬೇಕು. ಸಾರಸಬೇಕಲ್ಲ ಮತ್ತ?"

ಇನ್ನೊಂದು ಅದರಕಿಂತ ದೊಡ್ಡದು. ಗಾಳಿ ಮಳಿ ಬಂದು ಉಳಿದ ಹಕ್ಕಿ ಎಲ್ಲಾ ಮುದುರಿ ಕುಂತಾಗ ಅದೊಂದಽ ಗಿಡದ ತುದಿಗೆ ನಿಂತು ಹಾಡ್ತದಂತ. ಚಳಿಗಾಲದಾಗ ಒಂದು ಹಣ್ಣಿನ ಗಿಡ ಹಿಡಿದು, ಯಾರನ್ನೂ ಹತ್ತಿರ ಬಿಡದ ಕಾಯ್ತದಂತ. "ನಮ್ಮ ಮೈದುನ, ಅವನ ಹುಣಚಿ ಗಿಡ" ಅಂದ್ಲು ಅತ್ತಿ. ಹಿಮದ ದೇಶದ್ದು ಒಂದು ಜಾತಿ, ಹಿಂಡು ಕೂಡಿ ಗೂಡು ಕಟ್ಟತಾವಂತ. ಮರಿ ಕದಿಯಾಕ ಕಾಗಿಯಂಥಾ ಹಕ್ಕಿ ಬಂದ್ರ ಎಲ್ಲಾ ಕೂಡಿ ಅದರ ಮ್ಯಾಲ ಹೇತು ಹೇತು, ರೆಕ್ಕಿ ಅಂಟಿ ಹಾರಾಕ ಬರದಂಗ ಮಾಡ್ತಾವಂತ. ಇದನ್ನ ಗಂಡಸರ ಎದುರಿಗೆ ನಾ ಹ್ಯಾಂಗ ಹೇಳ್ಲಿ? "ಅವು... ಕೊಳಿ ಮಾಡ್ತಾವಂತ್ರಿ" ಅಂತ ಗುಣುಗುಣು ಅಂದೆ. ಅತ್ತಿಗೆ ತಿಳೀತು, ಪಡಸಾಲಿ ಅದರೂಹಂಗ ನಕ್ಕಳು. "ಒಗ್ಗಟ್ಟಂದ್ರ ಅದು!" ಪರದೆ ಹಿಂದನೂ ನಗಿ ಬಂತು.

ಸಾಹೇಬರಿಗೆ ಹುರುಪು ಬಂತು. ಅಮೇರಿಕಾದ್ದು ಇಟ್ಟಂಗಿ ಬಣ್ಣದ ಎದಿದು, ಹುಲ್ಲಿನ ಮ್ಯಾಲ ನಾಕು ಹೆಜ್ಜಿ ಓಡಿ, ನಿಂತು, ತೆಲಿ ವಾರಿ ಮಾಡಿ ನೋಡಿ ಎರಿಹುಳ ಜಗ್ಗತದಂತ. ಅಲ್ಲಿದಽ ಇನ್ನೊಂದು, ಕಾಡಿನಾಗ ಒಂಟಿ ಇರೂದು, ನೋಡಾಕ ಮಣ್ಣಿನ ಬಣ್ಣ, ಕೊಳಲು ಊದಿದಂಗ ಹಾಡ್ತದಂತ. ನಮ್ಮ ದೇಶದ್ದಽ ಕೆಂಪು ತೆಲಿದು, ಬಿದ್ದ ಎಲಿ ತಿರುವಿ ತಿರುವಿ ಹುಳ ಹುಡುಕೂದು. ಘಟ್ಟದ ಝರಿ ಹತ್ತಿರ ಮನಷ್ಯಾರಂಗ ಸಿಳ್ಳೆ ಹಾಕೂದು. ಕಡೀಕ ನಮ್ಮದು. ಬ್ಯಾಸಗಿ ಎಲ್ಲಾ ಕಾಶ್ಮೀರದ ಆಚಿ ಗುಡ್ಡದಾಗ ಸಂಸಾರ, ಅಲ್ಲೇ ಹಾಡು. ಚಳಿಗಾಲಕ್ಕ ಇತ್ತ ಬಂದು ಒಂಟಿಯಾಗಿ ಒಂದು ಕಲ್ಲು, ಒಂದು ಕುಂಬಿ ಹಿಡಿದು ಕುಂತ್ರ ವರ್ಷಾ ಅಲ್ಲೇ ಬರೂದು. ಇಲ್ಲಿದ್ದಷ್ಟು ದಿನ ಬಾಯಿ ಬಿಡೂದು ಕಡಿಮಿ.

ಅತ್ತಿ ಎಲ್ಲಾ ಕೇಳಿದ್ಲು. ಆಮ್ಯಾಲ ಪಂಜರದ ಕಡಿ ತಿರುಗಿ, ಖರೇನಽ ಸಿಟ್ಟಿನಿಂದ, "ಇಷ್ಟು ಬಳಗ ಐತಿ ಅಂತ ಒಂದಿನಾ ಹೇಳ್ಲಿಲ್ಲ ನೋಡು ಈ ಮನಷ್ಯಾ!" ಅಂದ್ಲು.

ಮೊನ್ನೆ ಮೊಮ್ಮಗಳು ಹೇಳಿದ್ಲು, ಈಗಿನ ಶಾಸ್ತ್ರದವರು ನೀಲಿ ಹಕ್ಕಿನ್ನ ಆ ಮನಿತನದಿಂದ ತಗದು ನೊಣ ಹಿಡಿಯೂ ಹಕ್ಕಿಗಳ ಮನಿತನಕ್ಕ ಸೇರಿಸ್ಯಾರಂತ. ನಮ್ಮತ್ತಿ ಇದ್ದಿದ್ರ ಅವರ ಮನಿಗೂ ಬಂಡಿ ಹೂಡಸ್ತಿದ್ಲು.

ಸಾಹೇಬರು ಬಿಟ್ಟು ಕೊಡಲಿಲ್ಲ. ಈ ಹಕ್ಕಿ ಹಾಡು ಕೇಳಬೇಕು ಅಂತ ಅವರಿಗೆ ಎಷ್ಟೋ ವರ್ಷದ ಆಸಿ. ಉತ್ತರಕ್ಕ ಹೋಗೂ ಮುಂಚೆ, ಈ ದಿನದಾಗ, ಒಮ್ಮೊಮ್ಮೆ ಹಾಡ್ತದಂತ. "ಹಾಡೂದಿಲ್ಲ" ಅಂದ್ಲು ಅತ್ತಿ. "ಮೂವತ್ತು ವರ್ಷ ಬಾಳೇವು ಮಾಡೀನಿ, ನನಗ ಗೊತ್ತಿಲ್ಲೇನು? ಅದು ಬಾಯಿ ಬಿಡೂ ಪೈಕಿ ಅಲ್ಲ." ಸಾಹೇಬರು ನಕ್ಕು ಷರತ್ತು ಹಾಕಿದ್ರು: ಇವತ್ತು ಸಂಜಿಮುಂದಿನ ನಮಾಜಿನ ಕೂಗು ಆಗೂದ್ರಾಗ ಹಾಡಿದ್ರ ಹಕ್ಕಿ ನಂದು, ಹಾಡಲಿಲ್ಲಂದ್ರ ನಿಮ್ಮದು. "ಆತು" ಅಂದ್ಲು ಅತ್ತಿ, ಪಂಜರದ ಎದುರಿಗೆ ಚಾಪಿ ಎಳಕೊಂಡು ಕುಂತ್ಲು.

ನನ್ನ ಕಿವ್ಯಾಗ ಮೆಲ್ಲಕ ಹೇಳಿದ್ಲು: "ನಾ ಮಾತಾಡೂವಾಗ ಅವರು ಎಂದೂ ನಡುವ ಬಾಯಿ ಹಾಕಿದವರಲ್ಲ. ನಾ ನಿಂದ್ರಸೂದಿಲ್ಲ. ನೀ ನೀರು ಕೊಡ್ತಿರು."

ಸುರು ಮಾಡಿದ್ಲು ನೋಡ್ರಿ. ತನ್ನ ಲಗ್ನದಿಂದ ಹಿಡದು. ಪಾಮನಕಲ್ಲೂರಿಂದ ಮಸ್ಕಿಗೆ ಬಂದ ದಿನ ಬಂಡಿ ಕೀಲು ಮುರಿದದ್ದು, ಅವರು ಒಂದು ಮಾತಾಡದ ಗಾಲಿ ಹೊತ್ತುಕೊಂಡು ನಡದದ್ದು. ಲಿಂಗಸೂಗೂರು ಸಂತಿಯಿಂದ ಹಸರು ಬಳಿ ತಂದು ಕೈಗೆ ಕೊಡದ ಬೀಸೂಕಲ್ಲಿನ ಮ್ಯಾಲ ಇಟ್ಟು ಹೋದದ್ದು, ಯಾರ ಬಳಿ ಅಂತ ಇಕಿ ಮೂರು ದಿನ ಓಣ್ಯಾಗೆಲ್ಲ ಕೇಳಿ ಬಂದದ್ದು. ಹೊಟ್ಟೀಲಿ ಇದ್ದಾಗ ಮಸ್ಕಿ ಹಳ್ಳ ತುಂಬಿ ಬಂದದ್ದು, ಅವರು ಇಕಿನ್ನ ಬೆನ್ನ ಮ್ಯಾಲ ಹೊತ್ತುಕೊಂಡು ದಾಟಿದ್ದು. "ಎಡಕ್ಕ ಹೋಗ್ರಿ, ಬಲಕ್ಕ ಹೋಗ್ರಿ, ಮುಳುಗಿಸ್ತೀರಿ ನನ್ನ ಅಂತ ನಾ ಕುತಿಗಿ ಹಿಡಕೊಂಡು ಬೈಯೂದು, ಅವರು ಹ್ಞೂಂ ಅನ್ನೂದು. ದಾಟಿದ ಮ್ಯಾಲ ನೋಡ್ತೀನಿ, ಕಾಲು ಕಲ್ಲಿಗೆ ಹರದು ರಗತ." ನಾ ಉರ್ದುನಾಗ ಹೇಳಿಕೋತ ಹೋದೆ. ಹೊತ್ತು ಏರಿತು. ಊಟಕ್ಕ ಕರದ್ರ, ತುತ್ತು ಬಾಯಾಗಿದ್ರ ಮಾತು ನಿಲ್ತದ ಅಂತ ಒಲ್ಲೆ ಅಂದ್ಲು. ನಡುವ ಒಮ್ಮೆ ನೀರು ಕುಡಿಯಾಕ ನಿಂತ್ರ ಪರದೆ ಹಿಂದಿಂದ, "ಫಿರ್ ಕ್ಯಾ ಹುವಾ, ಬೇಟಿ?" ಅಂತ ಬೇಗಂ ಸಾಹೇಬರು. ಮುಂದೇನಾತು ಅಂತ ನಾ ಕೇಳೂದ್ರಾಗ ಅತ್ತಿ ಮುಂದ ನಡದಿರ್ತಿದ್ಲು.

ಹಕ್ಕಿ ಗ್ವಾಡಿ ಬಿಟ್ಟು ಅಕಿ ಕಡಿ ಮುಖ ಮಾಡಿ ಕುಂತಿತ್ತು. ಸಪ್ಪಳಿಲ್ಲ. ಬಿಸಲು ಪಡಸಾಲಿ ಮೆಟ್ಟಲ ಇಳೀತು. ಇನ್ನೇನು ನಮಾಜಿನ ಕೂಗು ಆಗಬೇಕು. ಗೆದ್ವಿ ಅಂತ ನಾ ಒಳಗ ಕುಣಿಯಾಕತ್ತಿದ್ದೆ. ಅತ್ತಿ ದನಿ ಬಿದ್ದು ಹೋಗಿತ್ತು, ಆದ್ರೂ ಬಿಡವಲ್ಲಳು. ಮಾತಾಡಿಕೋತ ಮಾತಾಡಿಕೋತ ಆ ಮೂರನೇ ದಿನದ ಜ್ವರಕ್ಕ ಬಂದಿದ್ಲು.

"ಬಾಜೂಕ ಕುಂತಿದ್ದೆ. ಹಿಂಗಽ, ಈಗ ಕುಂತಂಗ. ಬಿಳಿ ಎತ್ತಿನ ಸುದ್ದಿ ಹೇಳಾಕತ್ತಿದ್ದೆ. ಕಣ್ಣು ತೆರದ್ರು. ನನ್ನ ನೋಡಿದ್ರು. ತುಟಿ ಬಿಚ್ಚಿದ್ರು..."

ಅಲ್ಲಿಗೆ ನಿಂತ್ಲು. ಮುಂದ ಅಕಿ ಕಡಿ ಮಾತಿದ್ದಿಲ್ಲ. ಇಡೀ ಬಂಗಲಿ ಸುಮ್ಮನಾತು.

ಆ ಸುಮ್ಮನಿದ್ದಲ್ಲಿ ಅದು ಸುರುವಾತು. ಕೊಕ್ಕು ಬಿಚ್ಚಿದ್ದಿಲ್ಲ, ಗಂಟಲ ಪುಕ್ಕಷ್ಟಽ ನಡಗತಿದ್ದವು. ಭಾಳ ಸಣ್ಣ ದನಿ, ತನಗ ತಾನಽ ಹಾಡಿಕೊಂಡಂಗ, ದೂರದಾಗ ಯಾರೋ ಸಿಳ್ಳೆ ಹಾಕಿಕೋತ ಗುಡ್ಡ ಇಳದಂಗ. ಏರಿತು, ಇಳೀತು, ಒಂಚೂರು ನಿಂತು ಮತ್ತ ಬಂತು. ಅತ್ತಿ ಎರಡೂ ಕೈ ಬಾಯಿಗೆ ಹಿಡಕೊಂಡು ಕೇಳಿದ್ಲು. ಮುಗಿಯೂತನ ಕೇಳಿದ್ಲು. ಆಮ್ಯಾಲ ಭಾಳ ಮೆಲ್ಲಕ ಕೇಳಿದ್ಲು:

"ಇಷ್ಟು ವರ್ಷ ನಾ ಸುಮ್ಮನಾಗ್ಲಿ ಅಂತ ಕಾಯಾಕತ್ತಿದ್ರೇನ್ರೀ?"

ಏನಂದ್ಲು ಅಂತ ಸಾಹೇಬರು ನನ್ನ ಕಡಿ ನೋಡಿದ್ರು. ಅಳಕೋತ ಹೇಳಿದೆ. ಪರದೆ ಹಿಂದ ಬೇಗಂ ಸಾಹೇಬರು ಬಿಕ್ಕಿದ್ರು. ಆವಾಗ ನಮಾಜಿನ ಕೂಗು ಆತು.

ಅತ್ತಿ ಎದ್ದು ನಿಂತ್ಲು. ಬೆನ್ನು ನೆಟ್ಟಗ ಮಾಡಿ, "ಹೇಳು ಸಾಹೇಬರಿಗೆ. ಹಾಡಿತು. ಮಾತಂದ್ರ ಮಾತು, ಹಕ್ಕಿ ಅವರದು. ನಂದೇನಿತ್ತೋ ಅದು ನನಗ ಮುಟ್ಟಿತು" ಅಂದು ಮೆಟ್ಟಲ ಇಳಿಯಾಕ ಹೊಂಟ್ಲು. ಸಾಹೇಬರು ಕೈ ಅಡ್ಡ ಮಾಡಿದ್ರು. ಕಣ್ಣು ಒರಸಿಕೊಂಡು, "ಯೇ ಗಾನಾ ನಹೀಂ ಥಾ, ಬೇಟಿ. ಜವಾಬ್ ಥಾ" ಅಂತ ನನಗ ಹೇಳಿದ್ರು. ಹಾಡಲ್ಲ ಅದು, ಜವಾಬು. ತಾವಽ ಪಂಜರದ ಬಾಗಲ ತೆರದು ದೂರ ಸರದು ನಿಂತ್ರು. ಹಕ್ಕಿ ಬಾಗಲಿಗೆ ಬಂದು, ಒಮ್ಮೆ ಮೊಣಕಾಲು ಬಗ್ಗಿಸಿ, ಹಾರಿ ಹೋತು. ಸಾಹೇಬರು ಪಂಜರದಾಗಿಂದ ನೀರಿನ ಬಟ್ಟಲ ಬಿಚ್ಚಿ ನನ್ನ ಕೈಯಾಗ ಇಟ್ರು. ಇನ್ನು ಅದಕ್ಕ ಕೆಲಸಿಲ್ಲ ಅಂದ್ರು.

ಮುಂದಿನ ಮಾನಮಿಗೆ ಬಂತೋ ಇಲ್ಲೋ ಅಂತ ಕೇಳ್ತೀರಿ ನೀವು. ಬಂತು. ಅದಽ ಹಕ್ಕಿನೋ ಬ್ಯಾರೇದೋ ನನಗ ಗೊತ್ತಿಲ್ಲ, ಅತ್ತಿಗೆ ಗೊತ್ತಿತ್ತು. ಮಾಳಿಗಿ ಏರಿ ದಿನಾ ಒಂದಿಷ್ಟು ಹೊತ್ತು ಸುಮ್ಮನ ಕುಂದರೂದು ಕಲತಿದ್ಲು. ಇಳಿದು ಬಂದ ಮ್ಯಾಲ ಅದರ ಬಾಕಿ ಮಾತೆಲ್ಲಾ ನನ್ನ ಮ್ಯಾಲ.

ಆ ಹಾಡು ಕೇಳಿದ ಮರುದಿನ ಲಿಂಗಸೂಗೂರಿಂದ ತಿರುಗಿ ಬರೂವಾಗ ಬಂಡ್ಯಾಗ ನನಗ ತಡಿಯಲಿಲ್ಲ. ಮೂರು ವರ್ಷದ ಇರುವಿ ಮನಸಿನಾಗ ಹರದಾಡಾಕತ್ತಿದ್ದವು. "ಅತ್ತಿ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಮೊದಲನೇ ಅಮಾಸಿಗೆ ಆ ಹಕ್ಕಿ ಎಡಿ ತಿನ್ನಲಿಲ್ರಿ. ಎಡಿಗೆ ಹತ್ತಿದ ಇರುವಿ ತಿಂತು. ನಾ ನೋಡಿದ್ದೆ."

ಅತ್ತಿ ನನ್ನ ಕಡಿ ನೋಡಿದ್ಲು. "ನಾನೂ ನೋಡಿದ್ದೆ" ಅಂದ್ಲು. "ಅದಕ್ಕನಽ ಗುರುತು ಹಿಡದೆ. ನಾ ಮಾಡಿದ ಅಡಿಗಿ ಅವರಿಗೆ ಎಂದು ಸೇರಿತ್ತು?" ಅಂದು ಚೀಲ ತೆಲಿಗೆ ಇಟ್ಕೊಂಡು ಮಲಗಿಬಿಟ್ಲು. ಹಿಂದಿನ ದಿನ ಇಡೀ ಮಾತಾಡಿ ದಣದಿದ್ಲು.

ಬಂಡ್ಯಾಗ ಎಚ್ಚರ ಇದ್ದವರು ನಾವಿಬ್ಬರಽ, ನಾನು ಮತ್ತ ಇವರು. ನನಗ ಹೇಳೂದು ರಗಡ ಇತ್ತು. ಬೇಗಂ ಸಾಹೇಬರ ಬಳಿ, ಸಾಹೇಬರ ಗಡ್ಡ, ಅಮೇರಿಕಾದ ಹಕ್ಕಿ. ನಾಲಿಗಿ ತುದಿಗೆ ಬಂದದ್ದನ್ನ ನುಂಗಿದೆ. ಒಂದು ಊರು ದಾಟಿತು, ಇನ್ನೊಂದು ದಾಟಿತು. ಜೀವಮಾನದಾಗ ಅಷ್ಟು ಕಠಿಣ ಕೆಲಸ ನಾ ಮಾಡಿಲ್ಲ. ಕಡೀಕ ಮಸ್ಕಿ ಹಳ್ಳ ಬಂತು. ಎತ್ತು ನೀರಿಗೆ ಮುಖ ಹಾಕಿ ನಿಂತವು. ಇವರು ಹಿಂದಕ್ಕ ತಿರುಗಲಿಲ್ಲ, ಎತ್ತಿನ ಬೆನ್ನು ನೋಡಿಕೋತನಽ ಅಂದ್ರು:

"ನಿನ್ನ ಉರ್ದು ಛಲೋ ಐತಿ."

ಮದಿವ್ಯಾಗಿ ಮೂರು ವರ್ಷಕ್ಕ ಇವರು ತಾವಾಗಿ ನನಗ ಆಡಿದ ಮೊದಲನೇ ಮಾತು ಅದು. ನಾ ಏನೂ ಅನ್ನಲಿಲ್ಲ. ಇನ್ನೊಂದು ಬರ್ತದೇನೋ ಅಂತ, ಆ ಪಿಂಗಾಣಿ ಬಟ್ಟಲ ಗಟ್ಟಿಯಾಗಿ ಹಿಡಕೊಂಡು, ಸುಮ್ಮನ ಕುಂತೆ.